ಅವ್ವನ ಎಡೆಗೆ ಏನಿಡಬೇಕು?

ಹೆತ್ತ ತಾಯಿಯ ಬಗ್ಗೆ ತನಗೆ ಎಲ್ಲವೂ ಗೊತ್ತು ಎಂದು ಎದೆ ತಟ್ಟಿಕೊಳ್ಳುವ ಗಂಡುಮಕ್ಕಳನ್ನು ನಂಬಬೇಡಿ. ನಾನೂ ಆ ಪೈಕಿಯವನೇ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ, ಜಿಲ್ಲೆಯ ಮಂದಿಯ ಅರ್ಜಿಗಳಲ್ಲೆಲ್ಲ ತಪ್ಪು ಹುಡುಕಿ ಹುಡುಕಿ ನಿವೃತ್ತನಾದವನು. ಅರವತ್ತು ವರ್ಷ ಅವ್ವನ ಕೈಯ ರೊಟ್ಟಿ ತಿಂದವನು. ಅಂಥ ನನ್ನನ್ನು ಕಳೆದ ತಿಂಗಳು ಹೆಂಡತಿ ಒಂದೇ ಪ್ರಶ್ನೆಯಲ್ಲಿ ನಪಾಸು ಮಾಡಿಬಿಟ್ಟಳು.

ಅವ್ವ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಆ ದಿನ ಫೋಟೋದ ಮುಂದೆ, ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡಬೇಕು. ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದು ಮುಂದೆ ಮಾಡಿ, ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಕಾಯಬೇಕು. ಇದು ನಮ್ಮ ಮನೆತನದ ಪದ್ಧತಿ. ಏನು ಮಾಡಲಿ ಎಂದು ಹೆಂಡತಿ ಕೇಳಿದಳು. ಅದರಲ್ಲಿ ಕೇಳುವುದೇನಿದೆ, ಶೇಂಗಾ ಹೋಳಿಗೆ ಅಂದೆ. ತಾಜಸುಲ್ತಾನಪುರದಿಂದ ಬಂದಿದ್ದ ತಂಗಿ, ನಿನಗೇನು ಗೊತ್ತು ಅಣ್ಣಾ, ಅವ್ವನಿಗೆ ಪುಂಡಿಪಲ್ಯ ಅಂದರೆ ಪ್ರಾಣ ಎಂದು ಜಗಳಕ್ಕೇ ನಿಂತಳು. ಅಜ್ಜಿಯನ್ನು ಆಯಿ ಎಂದು ಕರೆಯುವ ನನ್ನ ಮಗಳು, ಆಯಿಗೆ ಶಾವಿಗೆ ಪಾಯಸ ಬಿಟ್ಟರೆ ಬೇರೆ ಏನೂ ಸೇರುತ್ತಿರಲಿಲ್ಲ ಎಂದು ತೀರ್ಪು ಕೊಟ್ಟಳು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು.

"ನಿಮ್ಮ ನಿಮ್ಮ ನಾಲಿಗಿಗಿ ಸೇರೋದೇ ಹೇಳಾಕತ್ತೀರಿ. ಅತ್ತಿಯವರಿಗಿ ಏನು ಸೇರತಿತ್ತು, ಅದು ಹೇಳ್ರಿ."

ಹೋಳಿಗೆ ಬಡಿಸುತ್ತ ಅವ್ವ ನನಗೆ, "ನನಗೂ ಇದೇ ಸೇರತದಪ್ಪ" ಅನ್ನುತ್ತಿದ್ದಳು. ವಿಚಾರಿಸಿದರೆ ತಂಗಿಗೂ ಅದನ್ನೇ ಅಂದಿದ್ದಾಳೆ, ಮೊಮ್ಮಗಳಿಗೂ ಅದನ್ನೇ. ಅವಳು ಉಣ್ಣುವುದನ್ನು ನಾನು ನೋಡಿದ್ದೇ ಕಡಿಮೆ. ನಾವೆಲ್ಲ ಕೈತೊಳೆದು ಆಕಳಿಸುವ ಹೊತ್ತಿಗೆ ಅವಳು ತಟ್ಟೆ ಹಾಕಿಕೊಂಡು ಒಲೆಯ ಮಗ್ಗುಲಲ್ಲಿ ಕೂಡುತ್ತಿದ್ದಳು. ಸರಿಯಾಗಿ ಅದೇ ಗಳಿಗೆಗೆ ನನ್ನ ಕನ್ನಡಕ ಕಳೆಯುತ್ತಿತ್ತು. ಅವ್ವಾ ಎಂದು ಕೂಗಿದರೆ ಎಂಜಲು ಕೈಯಲ್ಲೇ ಎದ್ದು ಬಂದು, ನನ್ನ ಹಣೆಯ ಮೇಲಿದ್ದ ಕನ್ನಡಕವನ್ನು ಎಡಗೈಯಿಂದ ಮೂಗಿನ ಮೇಲೆ ಇಳಿಸಿ ಹೋಗುತ್ತಿದ್ದಳು. ಅಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತಿತ್ತು.

ಬೇರೇನೂ ಹೊಳೆಯದೆ, ಅವಳ ತವರೂರಿನ ಹಣ್ಣಾದರೂ ಇರಲಿ ಎಂದು ಹಿಂದಿನ ದಿನ ಕೆಂಪು ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೋದೆ. ಅವ್ವ ತಿಂಗಳಿಗೊಮ್ಮೆ ಅಲ್ಲಿಗೆ ತನ್ನ ತಮ್ಮನನ್ನು ನೋಡಲು ಹೋಗುತ್ತಿದ್ದಳು, ಪ್ರತಿ ಸಲವೂ ತಡವಾಗಿ ಬರುತ್ತಿದ್ದಳು. ಕೇಳಿದರೆ ಬಸ್ಸು ತಡ ಅನ್ನುತ್ತಿದ್ದಳು. ನಾನು ಆ ಬಸ್ಸುಗಳಿಗೆ ಬೈದ ಬೈಗುಳ ಒಂದೆರಡಲ್ಲ. ಹಣ್ಣು ಕೊಂಡು ಬಸ್ ನಿಲ್ದಾಣದ ಹತ್ತಿರದ ಭಜಿ ಅಂಗಡಿಯಲ್ಲಿ ಚಹಾಕ್ಕೆ ಕುಳಿತಾಗ, ಅಂಗಡಿಯ ಮುದುಕ ಚಾಚಾ ನನ್ನ ಕೈಯಲ್ಲಿದ್ದ ಚೀಲವನ್ನೇ ನೋಡುತ್ತಿದ್ದ. ಅದು ಅವ್ವ ನನ್ನ ಹಳೆಯ ಚೌಕಡಿ ಪ್ಯಾಂಟಿನಲ್ಲಿ ಹೊಲಿಸಿಕೊಂಡ ಚೀಲ. ಇದು ಅಮ್ಮನದಲ್ಲವೇ, ವರ್ಷವಾಯಿತು ಯಾಕೆ ಬಂದಿಲ್ಲ ಎಂದು ಕೇಳಿದ. ಹೇಳಿದೆ. ಅವನು ಒಲೆಯ ಉರಿ ಸಣ್ಣ ಮಾಡಿದ. ಆಮೇಲೆ ತಾನಾಗಿಯೇ ಹೇಳತೊಡಗಿದ.

"ಬಸ್ ಬಂದು ನಿಂತ್ರೂ ಏಳ್ತಿದ್ದಿಲ್ರೀ ಅಮ್ಮಾ. ಹೋಗ್ಲಿ ಬಿಡು ಚಾಚಾ, ಮುಂದಿನ ಬಸ್ಸಿಗಿ ಹೋಗ್ತೀನಿ, ಇಲ್ಲಿ ಅರ್ಧಾ ತಾಸು ನನಗ ಯಾರೂ ಕರಿಯಂಗಿಲ್ಲ ಅಂತಿದ್ರು. ಗರಂ ಗರಂ ಮಿರ್ಚಿ ಭಜಿ, ಮ್ಯಾಲ ಒಂದು ಚಾ. ತಣ್ಣಗಾಗಿದ್ದು ಮುಟ್ಟತಿದ್ದಿಲ್ರೀ."

ನನಗೆ ನಾಚಿಕೆಯಾಯಿತು. ಅವ್ವ ಸುಳ್ಳು ಹೇಳುತ್ತಿದ್ದಳಲ್ಲ ಎಂದಲ್ಲ. ಬಿಸಿಯಾಗಿದ್ದಾಗ ಎರಡು ತುತ್ತು ತಿನ್ನಲು ಅವಳು ಮೂವತ್ತೈದು ಕಿಲೋಮೀಟರ್ ದೂರ ಹೋಗಬೇಕಾಗಿತ್ತಲ್ಲ ಎಂದು.

ಮರುದಿನ ಕೆಂಪು ಬಾಳೆಹಣ್ಣಿನ ಜೊತೆ ಹೋಳಿಗೆ, ಪುಂಡಿಪಲ್ಯ, ಪಾಯಸ ಎಲ್ಲವೂ ಎಡೆಯಲ್ಲಿದ್ದವು. ಮಾಡಿದವರಿಗೆ ಬೇಸರವಾಗಬಾರದಲ್ಲ. ನಡುವೆ ಆಗತಾನೆ ಕರಿದ ಮಿರ್ಚಿ ಭಜಿ, ಒಂದು ಲೋಟ ಚಹಾ. ಎಡೆಯಲ್ಲಿ ಭಜಿ ಕಂಡ ತಂಗಿ ಗೊಣಗಿದಳು. ಕಾರಣ ಹೇಳಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೇ ಎದ್ದು ಹೋಗಿ ಇನ್ನೆರಡು ಬಿಸಿ ಭಜಿ ತಂದಿಟ್ಟಳು. ಬಾಗಿಲು ಮುಂದೆ ಮಾಡಿ ಎಲ್ಲರೂ ಪಡಸಾಲೆಯಲ್ಲಿ ನಿಂತೆವು.

ಕರಿದ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಬೆಳಗಿನಿಂದ ಉಪವಾಸವಿದ್ದ ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಮೂರು ನಿಮಿಷವಾಗಿರಬಹುದು, ಸಾಕು ಇನ್ನು, ಪದ್ಧತಿಗೆ ಇಷ್ಟು ಕಾದರಾಯಿತು ಎಂದುಕೊಂಡು ಬಾಗಿಲಿಗೆ ಕೈ ಹಚ್ಚಿದೆ. ಮಗಳು ನನ್ನ ರಟ್ಟೆ ಹಿಡಿದಳು.

"ಪಪ್ಪಾ, ಜರಾ ತಡೀರಿ. ಆಯಿ ಉಣ್ಣಾಕತ್ಯಾಳ."

ಕೈ ಹಿಂದಕ್ಕೆ ತೆಗೆದುಕೊಂಡೆ. ಅವ್ವ ಹೋಗಿ ವರ್ಷವಾದರೂ, ಊಟದ ನಡುವೆ ಅವಳನ್ನು ಎಬ್ಬಿಸುವ ಚಾಳಿ ನನ್ನನ್ನು ಬಿಟ್ಟಿರಲಿಲ್ಲ.