ಬಂಗಲೆ ಕೆಡಿಸಿದ ದಿನ

ಬೀಡಿಗೆ ಬೆಂಕಿ ಕೇಳಲು ಬಂದ ತಾಲ್ಲೂಕು ಕಚೇರಿಯ ಜವಾನ ಹೋಗುವಾಗ ಒಂದು ಮಾತು ಬಿಟ್ಟುಹೋದ. "ಲಾಲ್‌ಸಾಬ್, ನಿಮ್ ಬಂಗ್ಲೆ ನೋಡಾಕೆ ಮಧ್ಯಾಹ್ನ ಇಂಜಿನಿಯರ್ ಬರ್ತಾರೆ. ಚಲೋ ಕಂಡ್ರೆ ಅಮಲ್ದಾರ್ರ ಮನೆ ಆಗ್ತೈತಂತೆ."

ಹೊನ್ನಾಳಿಯ ಹೊಳೆದಂಡೆಯ ಆ ಬಂಗಲೆಗೆ ಲಾಲ್‌ಸಾಬ್ ಇಪ್ಪತ್ತಾರು ವರ್ಷದ ಕಾವಲುಗಾರ. ಕಟ್ಟಿಸಿದ ಹಾರ್ಡಿ ದೊರೆ, ಹೆಂಡತಿ ಜ್ವರದಲ್ಲಿ ತೀರಿಕೊಂಡ ಮೇಲೆ ಬೀಗದಕೈಯನ್ನು ಇವನಿಗೆ ಕೊಟ್ಟು ವಿಲಾಯತಿಗೆ ಹೊರಟುಹೋಗಿದ್ದ. ಆಮೇಲೆ ಅದು ಪ್ಲೇಗಿನ ಆಸ್ಪತ್ರೆಯಾಯಿತು, ಅಬಕಾರಿ ಕಚೇರಿಯಾಯಿತು, ನಾಲ್ಕು ವರ್ಷ ಹೆಣ್ಣುಮಕ್ಕಳ ಶಾಲೆಯೂ ಆಯಿತು. ಯುದ್ಧ ಶುರುವಾದ ಮೇಲೆ ಖಾಲಿ ಬಿದ್ದಿತ್ತು. ಯಾರು ಬಂದರೂ ಹೋದರೂ ಲಾಲ್‌ಸಾಬ್ ಕೆಂಪು ನೆಲ ಒರೆಸುವುದನ್ನು ಬಿಡಲಿಲ್ಲ. ಅವನೂ ಹೆಂಡತಿ ಸೈದಾಬೀಯೂ ಹಿಂದಿನ ಕೋಣೆಯಲ್ಲಿದ್ದರು. ಸೈದಾಬೀಗೆ ಈಗ ಕಣ್ಣು ಮಂಜು. ಆ ಕೋಣೆಯೊಳಗೆ ಮಾತ್ರ ಗೋಡೆ ಮುಟ್ಟದೆ ಓಡಾಡುತ್ತಿದ್ದಳು.

"ಆ ಕೋಣೆ ಅಮಲ್ದಾರ್ರ ಅಡಿಗೆಯವನಿಗೆ ಹೋತು ಅಂತ್ಲೇ ತಿಳ್ಕೊಳ್ರಿ," ಎಂದ ನೆರೆಮನೆಯ ಮರುಳಪ್ಪ. ಅವನು ಪಿಂಚಣಿ ಪಡೆದ ಗುಮಾಸ್ತ. ಪರರ ಉಸಾಬರಿಯಿಂದ ಮಾತ್ರ ಇನ್ನೂ ಪಿಂಚಣಿ ಪಡೆದಿರಲಿಲ್ಲ. "ಒಂದೇ ದಾರಿ. ಮನುಷ್ಯರಿಗೆ ಲಾಯಕ್ಕಿಲ್ಲ ಅನ್ನಂಗೆ ಮಾಡಿಬಿಡ್ರಿ."

"ನನ್ ಕೈಲಿ ಆಗಾಕಿಲ್ಲ ಮರುಳಪ್ಪಾರೇ."

"ನಾವಿಲ್ವೇನ್ರೀ?"

ಮರುಳಪ್ಪ ಗಳ ಹಿಡಿದು ಹೆಂಚು ಸರಿಸಿದ. ಎದುರುಮನೆಯ ಗಾದ್ರಮ್ಮ ತನ್ನ ಮೂರು ಎಮ್ಮೆ ಹೊಡೆದುಕೊಂಡು ಬಂದಳು. ಅವು ಮದುವೆಗೆ ಬಂದ ಬೀಗಿತಿಯರ ಹಾಗೆ ಠೀವಿಯಿಂದ ಮೆಟ್ಟಿಲೇರಿ, ನಡುಮನೆಯಲ್ಲಿ ನಿಂತು ಸಗಣಿ ಹಾಕಿದವು. ಲಾಲ್‌ಸಾಬನ ಕೈ ಎರಡು ಸಲ ನೆಲ ಒರೆಸುವ ಬಟ್ಟೆಗೆ ಹೋಯಿತು. ಎರಡು ಸಲವೂ ಮರುಳಪ್ಪ ಹಿಡಿದುಕೊಂಡ. ಕೊನೆಗೆ ಲಾಲ್‌ಸಾಬ್ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ.

ಇಂಜಿನಿಯರು ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಮಾಡು ನೋಡಿದರು, ಎಮ್ಮೆ ನೋಡಿದರು.

"ಅಮಲ್ದಾರರಿಗೆ ಇದು ಆಗೋದಿಲ್ಲ."

ಮರುಳಪ್ಪ ಲಾಲ್‌ಸಾಬನ ಬೆನ್ನು ಚಿವುಟಿದ.

"ಆದರೆ ದನದ ಆಸ್ಪತ್ರೆಗೆ ಎರಡು ವರ್ಷದಿಂದ ಜಾಗ ಹುಡುಕ್ತಿದ್ವಿ. ಈ ಎಮ್ಮೆಗಳು ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ನೋಡಿ! ಹಿಂದಿನ ಕೋಣೆ ಔಷಧಿ ಇಡೋಕಾಯ್ತು."

"ಅಲ್ಲಿ ನಾವಿದ್ದೀವಿ, ಸ್ವಾಮಿ," ಎಂದ ಲಾಲ್‌ಸಾಬ್.

ಇಂಜಿನಿಯರಿಗೆ ನಿಜಕ್ಕೂ ಬೇಜಾರಾಯಿತು. "ಅಯ್ಯೋ, ನೀನೇನಾ? ಬಂಗಲೆ ಕನ್ನಡಿ ಹಾಗೆ ಇಟ್ಟಿರೋ ಕಾವಲುಗಾರನ ಕೋಣೆ ಮುಟ್ಟಬೇಡಿ, ಅವನು ಸಾಯೋವರೆಗೂ ಅಲ್ಲೇ ಇರಲಿ ಅಂತ ಅಮಲ್ದಾರರು ಹೇಳಿ ಕಳಿಸಿದ್ರು. ಅವರೇ ಬರೋದಿಲ್ಲ ಅಂದ ಮೇಲೆ ಏನು ಮಾಡೋದಪ್ಪ? ತಿಂಗಳೊಳಗೆ ಖಾಲಿ ಮಾಡು."

ಲಾಲ್‌ಸಾಬ್ ತಿರುಗಿ ನೋಡುವಷ್ಟರಲ್ಲಿ ಮರುಳಪ್ಪ ಇಂಜಿನಿಯರ ಹಿಂದೆಯೇ ಮೆಟ್ಟಿಲಿಳಿಯುತ್ತಿದ್ದ. "ಸ್ವಾಮೀ, ದನದ ಆಸ್ಪತ್ರೆಗೂ ಒಬ್ಬ ಗುಮಾಸ್ತ ಬೇಕಾಗ್ತಾನಲ್ವಾ?"

ಕೋಣೆಯ ಬಾಗಿಲಲ್ಲಿ ಸೈದಾಬೀ ಕಾಯುತ್ತಿದ್ದಳು. "ಏನಂದ್ರು?"

ಲಾಲ್‌ಸಾಬ್ ಹೊಸ್ತಿಲ ಮೇಲೆ ಕೂತ. "ಅಮಲ್ದಾರ್ರು ಬರಾಕಿಲ್ವಂತೆ."

ಅವಳು ಎರಡೂ ಕೈ ಮೇಲೆತ್ತಿದಳು. "ಅಲ್ಲಾ ದೊಡ್ಡೋನು! ಆ ಮರುಳಪ್ಪಾರು ನೂರು ವರ್ಷ ಬಾಳ್ಲಿ."

"ಬಾಳ್ಲಿ," ಎಂದ ಲಾಲ್‌ಸಾಬ್.