ಆರೂವರೆಗೆ ಒಬ್ಬ ಕಡಿಮೆ

ನಿರುದ್ಯೋಗಿಗಳ ತಲೆ ಎಣಿಸಿ ಊರೂರಿಗೆ ತರಬೇತಿಯ ಹಣ ಹಂಚುವ ಮಾನ್ಯ ಲೆಕ್ಕದ ಸೂತ್ರ ಮಹಾಶಯರೇ,

ಅಮೆರಿಕದ ಕೆಂಟಕಿಯ ಬೆಟ್ಟದೂರು ಕೋಲ್ಟರ್ಸ್ ಫೋರ್ಕ್‌ನಿಂದ ಬೆಸುಗೆ ಮೇಷ್ಟರು ಹೋಬರ್ಟ್ ಸ್ಲೋನ್ ಮಾಡುವ ನಮಸ್ಕಾರಗಳು. ತಾವು ದಶಮಾಂಶ ಸಮೇತ ಕ್ಷೇಮವೆಂದು ನಂಬಿದ್ದೇನೆ.

ಗಣಿ ಮುಚ್ಚಿ ಒಂಬತ್ತು ವರ್ಷವಾದರೂ ನಮ್ಮಲ್ಲಿ ನಿರುದ್ಯೋಗ ಬಹಳ ಕಡಿಮೆಯೆಂದು ತಾವು ಕಂಡುಹಿಡಿದಾಗ ಊರಿಗೆ ಊರೇ ಬೆರಗಾಯಿತು. ಕೆಲಸವಿಲ್ಲದವನೆಲ್ಲ ನಿರುದ್ಯೋಗಿಯಲ್ಲ, ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿದವನು ಮಾತ್ರ ನಿರುದ್ಯೋಗಿ ಎಂಬ ತಮ್ಮ ವ್ಯಾಖ್ಯೆ ಅದೆಷ್ಟು ಘನವಾದದ್ದು! ನಮ್ಮವರು ವರ್ಷಗಟ್ಟಲೆ ಹುಡುಕಿ ಸುಸ್ತಾಗಿ ಹೊಳೆದಂಡೆಯಲ್ಲಿ ಗಾಳ ಹಿಡಿದು ಕೂತುಬಿಟ್ಟಿರುವುದರಿಂದ ತಮ್ಮ ಲೆಕ್ಕಕ್ಕೆ ಅವರು ಇಲ್ಲವೇ ಇಲ್ಲ.

ನಿರುದ್ಯೋಗ ಶೇಕಡಾ ಆರೂವರೆ ಮುಟ್ಟಿದರೆ ಹಣ, ಇಲ್ಲವಾದರೆ ನನ್ನ ಬೆಸುಗೆ ತರಗತಿಗೆ ಬೀಗ ಎಂದು ತಮ್ಮ ಕಡೆಯಿಂದ ಕಾಗದ ಬಂತು. ಆಗ ನನ್ನ ವಿದ್ಯಾರ್ಥಿನಿ ಟ್ವೈಲಾ ಮಲಿನ್ಸ್‌ಳ ಪರೀಕ್ಷೆಗೆ ಮೂರೇ ವಾರವಿತ್ತು. ಹೋಟೆಲಿನಲ್ಲಿ ತಟ್ಟೆ ಎತ್ತಿ ಇಬ್ಬರು ಮಕ್ಕಳನ್ನು ಸಾಕುವ ಆಕೆಗೆ, ಪ್ರಮಾಣಪತ್ರ ತಂದ ದಿನವೇ ಕೆಲಸವೆಂದು ದೋಣಿ ಕಾರ್ಖಾನೆಯವರು ಮಾತು ಕೊಟ್ಟಿದ್ದರು. ಹಾಗಾಗಿ ನಾನು ಮಾನ ಮರ್ಯಾದೆ ಬಿಟ್ಟು ಹೊಳೆದಂಡೆಗೆ ಹೋಗಿ, "ಎಣಿಕೆ ಮುಗ್ಯೋವರ್ಗೆ ಕೆಲ್ಸ ಹುಡುಕ್ರಪ್ಪಾ, ಸಿಗೋದೇನೂ ಬೇಡ" ಎಂದು ಕೈಮುಗಿದೆ. ಪುಣ್ಯಾತ್ಮರು ಇಸ್ತ್ರಿಯ ಅಂಗಿ ತೊಟ್ಟು ಹೊರಟರು. ಒಂದೇ ಬೆಳಗ್ಗೆ ನಲವತ್ತು ಅರ್ಜಿ ಬಂದದ್ದನ್ನು ಕಂಡು ಮೊಳೆ-ಸುತ್ತಿಗೆ ಅಂಗಡಿಯ ಯಜಮಾನಿ ಗಾಬರಿಯಾಗಿ ಬಾಗಿಲು ಹಾಕಿಕೊಂಡಳು. ಸರಿಯಾಗಿ ಆರೂವರೆ ಮುಟ್ಟಿದೆವು.

ಅಷ್ಟರಲ್ಲಿ ಆರು ವರ್ಷದಿಂದ ಮೀನಲ್ಲದೆ ಬೇರೇನೂ ಹಿಡಿಯದ ವರ್ಜಿಲ್ ಕೂಂಬ್ಸ್‌ಗೆ ಶವದ ಗಾಡಿ ಓಡಿಸುವ ಕೆಲಸ ಸಿಕ್ಕಿಬಿಟ್ಟಿತು! "ನಾನೇನ್ ಮಾಡ್ಲೋ ಹೋಬರ್ಟ್, ಬೇಡ ಅಂದ್ರೂ ಕೊಟ್ಬಿಟ್ರು. ಅಂಗಿ ನೋಡಿ ಮೋಸಹೋದ್ರು ಕಣೋ" ಎಂದು ನನ್ನ ಅಂಗಳದಲ್ಲಿ ನಿಂತು ಅತ್ತ. ತಾವು ತಡಮಾಡದೆ ಆರು ಪಾಯಿಂಟ್ ನಾಲ್ಕು ಎಂದು ಬರೆದುಕೊಂಡಿರಿ, ಬೀಗ ಬಿತ್ತು.

ಬೆಸುಗೆಯ ಮುಖವಾಡವನ್ನು ಕಂಕುಳಲ್ಲಿಟ್ಟುಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದ ಟ್ವೈಲಾ, "ವರ್ಜಿಲ್‌ನ ಬೈಬೇಡಿ ಮೇಷ್ಟ್ರೇ. ಪಾಪ, ಅವ್ನಿಗೂ ಕೆಲ್ಸ ಬೇಕಿತ್ತು" ಎಂದಳು. ಹಾಗಾಗಿ ಬೈಯಲು ನನಗೆ ತಾವೊಬ್ಬರೇ ಉಳಿದಿದ್ದೀರಿ.

ತಮ್ಮಂಥ ದೊಡ್ಡವರಲ್ಲಿ ನನ್ನ ಸಣ್ಣ ಬಿನ್ನಹವಿಷ್ಟೆ: ಒಂದೋ ಶವದ ಗಾಡಿಯಲ್ಲಿ ಕೂತವನನ್ನು ಅರ್ಧ ನಿರುದ್ಯೋಗಿಯೆಂದು ಪರಿಗಣಿಸಬೇಕು, ಇಲ್ಲವೇ ತಾವೇ ಒಮ್ಮೆ ಬಿಡುವು ಮಾಡಿಕೊಂಡು ಬಂದು ದಂಡೆಯ ಮೇಲೆ ಕೂತು ಗಾಳಗಳನ್ನಾದರೂ ಎಣಿಸಬೇಕು. ಕೂರಲು ಒಳ್ಳೆಯ ಜಾಗವನ್ನೇ ಕೊಡುತ್ತೇವೆ, ವರ್ಜಿಲನದು ಖಾಲಿಯಿದೆ.

ತಮ್ಮ ವಿಶ್ವಾಸಿ,
ಹೋಬರ್ಟ್ ಸ್ಲೋನ್
(ಮಾಜಿ ಬೆಸುಗೆ ಮೇಷ್ಟರು)

ತಾ.ಕ.: ತರಗತಿ ಮುಚ್ಚಿ ನನ್ನ ಕೆಲಸವೂ ಹೋದದ್ದರಿಂದ ಇಂದು ಬೆಳಗ್ಗೆ ನಾನೂ ಕೆಲಸ ಹುಡುಕಲು ಹೊರಟಿದ್ದೇನೆ. ದಯವಿಟ್ಟು ಎಣಿಸಿಕೊಳ್ಳಿ, ಸರಿಯಾಗಿ ಆರೂವರೆಯಾಯಿತು. ಹಣ ಕಳಿಸಿ, ಟ್ವೈಲಾ ಕಾಯುತ್ತಿದ್ದಾಳೆ. ಆದರೆ ಅವಳಿಗೆ ಪಾಠ ಹೇಳಲು ನನ್ನನ್ನು ವಾಪಸು ಕರೆದ ದಿನ ಮತ್ತೆ ಆರು ಪಾಯಿಂಟ್ ನಾಲ್ಕಾಗುತ್ತದೆ, ಆಗ ಏನು ಮಾಡಬೇಕೆಂದು ಈಗಲೇ ತಿಳಿಸಿಬಿಡಿ.