ಕೂಸಿನ ತಲೆಗೂ ಪಾಲು ಕೇಳಿದ ಬೀಗರು

ನಮ್ಮ ಬೀಗರನ್ನು ಊಟಕ್ಕೆ ಕರೆಯುವ ಮೊದಲು ಚೆನ್ನಾಗಿ ಯೋಚಿಸಿರಿ! ತಾಟು ಮುಂದಿಟ್ಟರೂ ಉಣ್ಣುವುದಿಲ್ಲ, ಎದ್ದು ನಿಂತು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಜಗಳ ತೆಗೆಯುತ್ತಾರೆ. ಮೈಂದರ್ಗಿಯ ಕಿರಾಣಿ ಅಂಗಡಿಕಾರರು, ನನ್ನ ಮಗಳ ಮಾವ.

ಆದರೂ ಈಗ ನನ್ನಂಥ ಭಾಗ್ಯವಂತೆ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲೇ ಇಲ್ಲ! ಮೊಮ್ಮಗಳು ಹುಟ್ಟಿದ್ದಾಳೆ! ಬಾಣಂತನ ಮುಗಿಸಿ ತಾಯಿಮಗಳನ್ನು ಮೈಂದರ್ಗಿಗೆ ಬಿಡಲು ಹೋದೆ. ಬೀಗರು ಓಣಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ಒಂದು ಪಂಗತಿಯಲ್ಲಿ ಸೊಲ್ಲಾಪುರದಿಂದ ಬಂದ ನಾವು ನಾಲ್ಕೈದು ಜನ. ಎದುರಿನ ಪಂಗತಿ ಓಣಿಯ ತುದಿ ಮುಟ್ಟಿತ್ತು. ಬಡಿಸಲು ಎರಡಕ್ಕೂ ಒಬ್ಬೊಬ್ಬನೇ! ನಾವು ಸಾಕು ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದರೆ, ಅಲ್ಲಿ ತುದಿಯವರು ಖಾಲಿ ತಾಟು ನೋಡುತ್ತ ಕೂತಿದ್ದರು.

ಬೀಗರು ಗುಡುಗಿದರು. "ಪಂಗತಿಗೊಬ್ಬ ಅಂದ್ರ ಸಮ ಆತೇನ್ರಿ? ನಮ್ಮ ವಾರ್ಡಿಗೂ ಹಿಂಗ ಆಗೇದ! ಆ ಕಡಿ ದೊಡ್ಡ ದೊಡ್ಡ ವಾಡೆ, ಒಳಗ ಬೆರಳೆಣಿಕಿ ಮಂದಿ, ಅವರಿಗೊಬ್ಬ ಮೆಂಬರ. ನಮ್ಮ ಓಣಿ ಗಿಜಿಗಿಜಿ, ನಮಗೂ ಒಬ್ಬನ! ಅಲ್ಲಿ ನಳ ಕೆಟ್ರ ಮೆಂಬರ ಓಡಿ ಬರ್ತಾನ. ನಮ್ಮಂವ ಎಷ್ಟ ಮನಿಗಿ ಓಡ್ಯಾನು?"

"ಬೀಗರ, ಮೊದಲ ಹೋಳಿಗಿ ಬಡಸ್ರಿ, ಆಮ್ಯಾಲ ಭಾಷಣ!" ಎಂದೆ.

ಅವರು ನಮಗೆ ಬಡಿಸುತ್ತಿದ್ದವನ ತೋಳು ಹಿಡಿದು ಎದುರು ಪಂಗತಿಗೆ ಎಳೆದೊಯ್ದರು. ನನ್ನ ಹೋಳಿಗೆಗೆ ತುಪ್ಪವೇ ಬೀಳಲಿಲ್ಲ!

ಆದರೆ ಸಾಲೆ ಹೆಚ್ಚು ಕಲಿಯದ ನನಗೂ ಮಾತು ನಾಟಿತು. ಈ ಓಣಿಯಲ್ಲಿ ಬೆಳೆಯುವ ನನ್ನ ಮೊಮ್ಮಗಳು ಹುಟ್ಟುತ್ತಲೇ ಅರ್ಧ ಮನುಷ್ಯಳೇ? ಮೈ ಉರಿಯಿತು.

ಪುರಸಭೆಯ ಚುನಾವಣೆಗೆಂದು ಸರಕಾರದವರು ವಾರ್ಡುಗಳ ಗೆರೆ ಹೊಸದಾಗಿ ಎಳೆದು, ತಕರಾರಿದ್ದವರು ಅಕ್ಕಲಕೋಟದ ಕಚೇರಿಗೆ ಬನ್ನಿರೆಂದು ಸಾರಿದ್ದರು. ಮರುದಿನ ಬೀಗರು ಹೊರಟೇಬಿಟ್ಟರು, ಕೂಸನ್ನೂ ಎತ್ತಿಕೊಂಡು! ಈ ಬಿಸಿಲಿನಲ್ಲಿ? ಮಗಳೂ ನಾನೂ ಬೈಯುತ್ತಲೇ ಬಸ್ಸು ಹತ್ತಿದೆವು.

ಕಚೇರಿಯ ಸಾಹೇಬರು ನಕ್ಕರು. "ಅಜ್ಜಾರ, ಕೂಸಿಗಿ ಎಲ್ಲಿ ಮತ ಅದರಿ?"

"ಮತ ಇಲ್ರಿ, ನೀರಡಕಿ ಅದ! ವಾರ್ಡ ಮಾಡೂದು ಮಂದಿನ್ನ ಎಣಿಸಿ, ಮತ ಎಣಿಸಿ ಅಲ್ಲ!"

"ಖರೆ. ಆದ್ರ ಹಳೀ ಜನಗಣತಿದಾಗ ಇಕಿ ಇಲ್ಲಲ್ಲ?"

"ಹಂಗಾದ್ರ ಈಗ ನನ್ನ ಧೋತರ ತೊಯಿಸಿದಾಕಿ ಯಾರ್ರಿ?"

ಕಚೇರಿಗೆ ಕಚೇರಿಯೇ ನಕ್ಕಿತು. ಸಾಹೇಬರು ತಕರಾರು ಬರೆದುಕೊಂಡರು. ಗೆರೆ ಬದಲಾಗುತ್ತದೆ ಎಂದು ಮಾತ್ರ ಬಾಯಿ ಬಿಡಲಿಲ್ಲ.

ಹೊರಗೆ ಆ ದೊಡ್ಡ ವಾಡೆಗಳ ಯಜಮಾನರೊಬ್ಬರು ನಿಂತಿದ್ದರು. ಕೂಸನ್ನು ಬಗ್ಗಿ ನೋಡಿ, "ಹೆಣ್ಣಾ? ಇದರ ಸಲುವಾಗಿ ಇಷ್ಟ ಗದ್ದಲೇನೋ?" ಎಂದರು.

ಇನ್ನು ಬೀಗರು ಬಸ್ ಸ್ಟ್ಯಾಂಡಿನವರೆಗೂ ಕೇಳಿಸುವಂತೆ ಚೀರುತ್ತಾರೆ ಎಂದುಕೊಂಡೆ. ಆದರೆ ಅವರು ಕೂಸಿನ ಕುಲಾವಿ ಸರಿಮಾಡಿದರು. "ನೀವೂ ಒಬ್ರು, ಇಕಿನೂ ಒಬ್ಬಾಕಿ. ನೀವು ಹೆಚ್ಚಲ್ಲ, ಇಕಿ ಕಡಿಮಿ ಅಲ್ಲ," ಎಂದು ಮೆಲ್ಲಗೆ ಹೇಳಿ, ಕೂಸನ್ನು ಎದೆಗೆ ಒತ್ತಿಕೊಂಡು ನಡೆದರು.

ನಾನು ಹಿಂದೆಯೇ ಓಡಿದೆ. ಕೊಡೆ ಬಿಚ್ಚಿದೆ. ಕೂಸಿನ ಮೇಲೂ ಅವರ ಬೋಳು ನೆತ್ತಿಯ ಮೇಲೂ ಹಿಡಿದು, ನಾನು ಬಿಸಿಲಲ್ಲೇ ನಡೆದೆ.